‘ಆಗಾಕಿಲ್ಲ’ ಅಂದರೆ ಆಗುವುದಿಲ್ಲ ಅಂತ: ನಮ್ಮ ಸಭೆಯ ಮಾತು ಬರೆಯುವ ಎಐ ತಂಡಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯ ತಂತ್ರಜ್ಞಾನ ಅಧಿಕಾರಿಗಳಿಗೆ, ಮತ್ತು ಮೈಸೂರಿನ ಕಚೇರಿಯಲ್ಲಿ ಕೂತು ಈ ಟೂಲ್ ಕಟ್ಟಿದ ತಂಡದ ಎಲ್ಲರಿಗೂ,

ನಮಸ್ಕಾರ.

ನಾನು ನಮ್ಮ ಹಾಲಿನ ಸಂಸ್ಥೆಯ ಮಂಡ್ಯದ ಕ್ಷೇತ್ರ ಕಚೇರಿಯಲ್ಲಿ 11 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹಳ್ಳಿಗಳಿಗೆ ಹೋಗಿ ನಮಗೆ ಹಾಲು ಹಾಕುವವರ ಸಭೆ ಮಾಡುವುದು, ಅವರು ಹೇಳಿದ್ದನ್ನು ಬರೆದುಕೊಂಡು ಬಂದು ಮೇಲಿನವರಿಗೆ ಮುಟ್ಟಿಸುವುದು ನನ್ನ ಕೆಲಸ. ಮೊದಲು ಇದನ್ನು ನೋಟ್‌ಬುಕ್ಕಿನಲ್ಲಿ ಮಾಡುತ್ತಿದ್ದೆ. ಈ ವರ್ಷದಿಂದ ನೀವು ಕಟ್ಟಿಕೊಟ್ಟ ಟೂಲ್ ಮಾಡುತ್ತಿದೆ. ಫೋನ್ ಮೇಜಿನ ಮೇಲಿಟ್ಟರೆ ಸಾಕು, ಅದೇ ಮಾತು ಕೇಳುತ್ತದೆ, ಅದೇ ಬರೆಯುತ್ತದೆ, ಕೊನೆಗೆ ಒಂದು ಸಾರಾಂಶವನ್ನೂ ಕೊಡುತ್ತದೆ.

ಹೋದ ವಾರ ನೀವು ಅಭಿಪ್ರಾಯ ಕೇಳಿ ಒಂದು ಫಾರಂ ಕಳಿಸಿದ್ದಿರಿ. ಐದರಲ್ಲಿ ಎಷ್ಟು ಸ್ಟಾರ್ ಕೊಡುತ್ತೀರಿ ಅಂತ ಒಂದು ಪ್ರಶ್ನೆ. ಅದರ ಕೆಳಗೆ 200 ಅಕ್ಷರ ಹಿಡಿಯುವ ಒಂದು ಬಾಕ್ಸ್. ಅದರಲ್ಲಿ ಕನ್ನಡ ಟೈಪ್ ಮಾಡಿದರೆ ಬರೀ ಚೌಕಗಳು ಕಾಣುತ್ತವೆ. ನಾನು ಹೇಳಬೇಕಾದ್ದು 200 ಅಕ್ಷರದಲ್ಲಿ ಹಿಡಿಯುವುದಿಲ್ಲ. ಅದೂ ಅಲ್ಲದೆ ಇದೇ ವಿಷಯಕ್ಕೆ ಎರಡು ಸಲ ಮೇಲ್ ಮಾಡಿದೆ, ಎರಡು ಸಲವೂ ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಅಂತ ಉತ್ತರ ಬಂತು. ಏನು ಪರಿಹಾರ ಆಯಿತು ಅಂತ ಯಾರೂ ಹೇಳಲಿಲ್ಲ. ಅದಕ್ಕೇ ಇದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಮ್ಮ ಸಂಸ್ಥೆಯ ಹೆಸರಾಗಲಿ, ಯಾರ ಹೆಸರಾಗಲಿ ಹಾಕಿಲ್ಲ. ಯಾರನ್ನೂ ಕೆಳಗೆ ಹಾಕಬೇಕು ಅನ್ನುವ ಉದ್ದೇಶ ನನಗಿಲ್ಲ. ಇಂಥ ಟೂಲ್ ಬೇರೆ ಬೇರೆ ಕಚೇರಿಗಳಿಗೂ ಬರುತ್ತಿದೆ, ಅಲ್ಲಿ ಕೂತು ಕೆಲಸ ಮಾಡುವವರಿಗೂ ಇದು ಗೊತ್ತಾಗಲಿ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ, ಯಾಕೆಂದರೆ ಅದೂ ನಿಜ. ಮೈಸೂರಿನ ಕಚೇರಿಯಲ್ಲಿ ಸೋಮವಾರ ನಡೆಯುವ ಮೀಟಿಂಗನ್ನು ನಿಮ್ಮ ಟೂಲ್ ಚೆನ್ನಾಗಿ ಬರೆಯುತ್ತದೆ. ಅಲ್ಲಿ ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಎಲ್ಲರ ಕಿವಿಯಲ್ಲೂ ಹೆಡ್‌ಫೋನ್, ಒಬ್ಬರಾದ ಮೇಲೆ ಒಬ್ಬರು ಮಾತನಾಡುತ್ತಾರೆ. ಮೊದಲು ಆ ಮೀಟಿಂಗ್ ಮುಗಿಸಿ ಮಂಡ್ಯದ ರೈಲು ಹತ್ತಿ, ಮನೆಗೆ ಬಂದು, ರಾತ್ರಿ ಊಟ ಆದ ಮೇಲೆ ಕೂತು ವರದಿ ಬರೆಯುತ್ತಿದ್ದೆ. ಈಗ ಆ ಕೆಲಸ ಇಲ್ಲ. ಮಕ್ಕಳ ಹೋಮ್‌ವರ್ಕ್ ನೋಡುವಷ್ಟು ಸಮಯ ಸಿಗುತ್ತಿದೆ. ಅದಕ್ಕೆ ನಿಮ್ಮ ತಂಡಕ್ಕೆ ಮನಸಾರೆ ಧನ್ಯವಾದ.

ನನ್ನ ದೂರು ಹಳ್ಳಿಯ ಸಭೆಗಳದ್ದು.

ಕಳೆದ ತಿಂಗಳು ಕೆರಗೋಡು ಕಡೆಯ ಒಂದು ಹಳ್ಳಿಯಲ್ಲಿ ಸಭೆ ಇತ್ತು. ವಿಷಯ ಒಂದೇ. ಸಂಜೆ ಆರೂವರೆಗೆ ಬರುವ ಹಾಲಿನ ಗಾಡಿಯನ್ನು ಐದಕ್ಕೆ ತಂದರೆ ನಿಮಗೆ ಆಗುತ್ತದಾ ಅಂತ ಹಾಲು ಹಾಕುವವರನ್ನು ಕೇಳುವುದು. ಗಾಡಿಯ ರೂಟ್ ಬದಲಾದರೆ ಡೀಸೆಲ್ ಉಳಿಯುತ್ತದೆ ಅಂತ ಮೇಲಿನಿಂದ ಸೂಚನೆ ಬಂದಿತ್ತು. ಸಮುದಾಯ ಭವನ ತುಂಬಿತ್ತು. ಎರಡು ಫ್ಯಾನ್ ಕಿರ್ ಅಂತ ತಿರುಗುತ್ತಿದ್ದವು. ಹೊರಗೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ನಾನು ಫೋನನ್ನು ಮುಂದಿನ ಮೇಜಿನ ಮೇಲಿಟ್ಟು ರೆಕಾರ್ಡ್ ಒತ್ತಿದೆ.

ಗಂಡಸರು ಒಂದಷ್ಟು ಜನ ಮಾತನಾಡಿದರು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದು ನಿಂತರು. ಎರಡು ರಾಸು ಇಟ್ಟುಕೊಂಡವರು. ಗದ್ದೆಯಿಂದ ನೇರ ಸಭೆಗೆ ಬಂದಿದ್ದರು, ಸೆರಗು ಇನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡೇ ಇತ್ತು, ಕಾಲಿನ ಕೆಸರು ಒಣಗಿರಲಿಲ್ಲ. ಅವರು ಹೇಳಿದ್ದು ಇಷ್ಟು: ‘ಐದಕ್ಕೆ ಆಗಾಕಿಲ್ಲ ಸಾ. ಕಳೆ ಕಿತ್ತು ಬರೋದೇ ಐದಕ್ಕೆ. ಅಸ ಕರೆಯೋದು ಯಾವಾಗ?’

ಅದನ್ನು ಕೇಳಿ ಹಿಂದಿನ ಸಾಲಿನ ಹೆಂಗಸರೆಲ್ಲ ಹೌದು ಹೌದು ಅಂದರು. ನಾನು ನೋಟ್‌ಬುಕ್ಕಿನಲ್ಲಿ ‘5 ಆಗಲ್ಲ. ಹೆಂಗಸರು ಯಾರೂ ಒಪ್ಪಿಲ್ಲ’ ಅಂತ ಬರೆದುಕೊಂಡೆ. ಹಳೆಯ ಅಭ್ಯಾಸ, ಇನ್ನೂ ಬಿಟ್ಟಿಲ್ಲ.

ಈಗ ನಿಮ್ಮ ಟೂಲ್ ಬರೆದದ್ದನ್ನು ಹಾಗೇ ಕೊಡುತ್ತೇನೆ: ‘ಐದಕ್ಕೆ ಆಗ ಹಾಕಿಲ್ಲ ಸಾಕು. ಕಳೆದು ಕೊಟ್ಟು ಬರೋದೇ ಐದಕ್ಕೆ. ಹೊಸ ಕರೆ ಯಾವಾಗ?’

ದಯವಿಟ್ಟು ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ಓದಿ. ‘ಆಗಾಕಿಲ್ಲ’ ಅನ್ನುವುದು ನಮ್ಮ ಕಡೆಯ ಮಾತು. ಆಗುವುದಿಲ್ಲ ಅಂತ ಅರ್ಥ. ಬರಾಕಿಲ್ಲ, ಹೋಗಾಕಿಲ್ಲ, ಕೊಡಾಕಿಲ್ಲ, ಎಲ್ಲ ಇದೇ ರೀತಿ. ಟೂಲ್‌ಗೆ ಈ ಪದ ಗೊತ್ತಿಲ್ಲ. ಗೊತ್ತಿರುವ ಎರಡು ಪದಗಳಿಗೆ ಅದನ್ನು ಒಡೆಯಿತು. ‘ಆಗ’ ಅಂತ ಒಂದು, ‘ಹಾಕಿಲ್ಲ’ ಅಂತ ಇನ್ನೊಂದು. ಹಾಲು ಹಾಕುವ ಸಭೆ ಅಲ್ವಾ, ಹಾಕಿಲ್ಲ ಅನ್ನುವುದು ಅಲ್ಲಿ ಸಲೀಸಾಗಿ ಕೂತುಬಿಟ್ಟಿತು. ‘ಸಾ’ ಅಂದರೆ ಸಾರ್. ಅದು ‘ಸಾಕು’ ಆಯಿತು. ‘ಅಸ’ ಅಂದರೆ ಹಸು. ಅದು ‘ಹೊಸ’ ಆಯಿತು. ಕರೆಯೋದು ಅನ್ನುವುದು ಹಾಲು ಕರೆಯುವುದು, ಅದು ಫೋನ್ ಕರೆಯ ಹಾಗೆ ಆಯಿತು.

ಇಲ್ಲಿಗೇ ನಿಂತಿದ್ದರೆ ಓದಿದವರಿಗೆ ಏನೋ ಎಡವಟ್ಟಾಗಿದೆ ಅಂತಲಾದರೂ ಅನ್ನಿಸುತ್ತಿತ್ತು. ಆದರೆ ಇದರ ಮೇಲೆ ಇನ್ನೊಂದು ಯಂತ್ರ ಕೂತಿದೆ, ಸಾರಾಂಶ ಬರೆಯುವುದು. ಅದಕ್ಕೆ ಮುರಿದ ವಾಕ್ಯ ಕೊಟ್ಟರೂ ಅದು ನುಣ್ಣಗೆ ತಿದ್ದಿ ಕೊಡುತ್ತದೆ. ಅದು ಬರೆದದ್ದು ಹೀಗೆ: ‘ಸದ್ಯ 5 ಗಂಟೆಗೆ ಹಾಲು ಹಾಕುತ್ತಿಲ್ಲ. ಸದಸ್ಯರು 5 ಗಂಟೆಗೆ ಬರಲು ಸಾಧ್ಯ ಎಂದಿದ್ದಾರೆ. ಹೊಸ ವೇಳಾಪಟ್ಟಿ ಯಾವಾಗಿನಿಂದ ಎಂದು ಕೇಳಿದ್ದಾರೆ.’

ಎಷ್ಟು ಶುದ್ಧವಾದ ಕನ್ನಡ ನೋಡಿ. ಒಂದು ಕಾಗುಣಿತ ತಪ್ಪಿಲ್ಲ. ಬೆಂಗಳೂರಿನಲ್ಲಿ ಕೂತು ವರದಿ ಓದುವ ಮೇಲಿನವರಿಗೆ ಇದರಲ್ಲಿ ಅನುಮಾನ ಪಡಲು ಏನೂ ಇಲ್ಲ. ಬೇಡ ಅಂದ ಹೆಂಗಸು ಬೇಗ ಶುರು ಮಾಡಿ ಅಂದ ಹಾಗೆ ದಾಖಲೆ ಆಯಿತು.

ಇದರಲ್ಲಿ ನನ್ನ ತಪ್ಪೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆ ವರದಿ ನನ್ನ ಒಪ್ಪಿಗೆಗೆ ಬಂದಿತ್ತು. ಎರಡು ಗಂಟೆಯ ಸಭೆ, ಓದಲು 40 ಪುಟ. ಮರುದಿನ ನಾನು ಬೇರೆ ಎರಡು ಹಳ್ಳಿಗೆ ಹೋಗಬೇಕಿತ್ತು. 24 ಗಂಟೆಯೊಳಗೆ ನಾವು ತಿದ್ದದಿದ್ದರೆ ವರದಿ ತಾನಾಗಿಯೇ ಒಪ್ಪಿಗೆ ಆಗುವ ಹಾಗೆ ನೀವು ಮಾಡಿದ್ದೀರಿ. ಹಾಗೇ ಆಯಿತು. ನಾನು ಓದಬೇಕಿತ್ತು. ಆದರೆ ಓದದೆ ಇರುವುದನ್ನು ಒಪ್ಪಿಗೆ ಅಂತ ಲೆಕ್ಕ ಹಾಕುವುದು ಸರಿಯಾ, ಅದನ್ನೂ ನೀವು ಯೋಚಿಸಬೇಕು.

ಎರಡು ವಾರ ಕಳೆಯಿತು. ಗಾಡಿ ಐದಕ್ಕೆ ಬರಲು ಶುರುವಾಯಿತು, ಐದೂವರೆಗೆ ಹೊರಟುಬಿಡುತ್ತದೆ. ಆ ಹಳ್ಳಿಯ ಹಾಲಿನ ಕೇಂದ್ರದಲ್ಲಿ ಹಾಲು ತಂಪು ಮಾಡುವ ಯಂತ್ರ ಇಲ್ಲ. ಕರೆದ ಹಾಲನ್ನು ಬೇಗ 4 ಡಿಗ್ರಿಗೆ ಇಳಿಸದಿದ್ದರೆ ಅದು ಉಳಿಯುವುದಿಲ್ಲ, ಇದು ನಿಮಗಿಂತ ನಮ್ಮ ಡೈರಿಯವರಿಗೆ ಚೆನ್ನಾಗಿ ಗೊತ್ತು. ಗಾಡಿ ತಪ್ಪಿದರೆ ಆ ಸಂಜೆಯ ಹಾಲು ಕೈಬಿಟ್ಟ ಹಾಗೆ. ಹೋಗಲಿ ಹಸುವನ್ನಾದರೂ ಬೇಗ ಕರೆಯಬಹುದಾ ಅಂದರೆ ಅದಕ್ಕೂ ಒಂದು ಹೊತ್ತಿದೆ. ಬೆಳಗ್ಗೆ ಆರಕ್ಕೆ ಕರೆದ ಹಸುವನ್ನು ಸಂಜೆ ನಾಲ್ಕಕ್ಕೆ ಕರೆದರೆ ಆ ಹೊತ್ತಿಗೆ ಹಾಲು ಕಮ್ಮಿ ಬರುತ್ತದೆ, ರಾತ್ರಿಯ ಅಂತರ 14 ಗಂಟೆ ಆಗುತ್ತದೆ, ಬೆಳಗಾಗುವಷ್ಟರಲ್ಲಿ ಕೆಚ್ಚಲು ಬಿಗಿದು ಹಸು ಒದ್ದಾಡುತ್ತದೆ. ದುಡಿಮೆಗೆ ಹೋಗುವ ಹೆಂಗಸು ನಾಲ್ಕಕ್ಕೆ ಮನೆಯಲ್ಲಿ ಇರುವುದೂ ಇಲ್ಲ. ಗದ್ದೆಯಿಂದ ಬರಬೇಕು, ಹುಲ್ಲು ಹಾಕಬೇಕು, ಕೆಚ್ಚಲು ತೊಳೆಯಬೇಕು, ಆಮೇಲೆ ಕರೆಯಬೇಕು.

ಆ ಹೆಣ್ಣುಮಗಳು ಒಂದು ದಿನ ನಮ್ಮ ಕಚೇರಿಗೇ ಬಂದರು. ಕೇಂದ್ರದ ಗೋಡೆಗೆ ಅಂಟಿಸಿದ್ದ ಸಭೆಯ ನಡಾವಳಿಯನ್ನು ಕಿತ್ತುಕೊಂಡೇ ಬಂದಿದ್ದರು. ಮಗನ ಕೈಯಲ್ಲಿ ಓದಿಸಿಕೊಂಡಿದ್ದರಂತೆ. ಕಾಗದವನ್ನು ಮೇಜಿನ ಮೇಲಿಟ್ಟು, ಆ ಸಾಲಿನ ಮೇಲೆ ಬೆರಳಿಟ್ಟು, ‘ನಾನು ಒಪ್ಪಿದೆ ಅಂತ ಬರೆದೋರು ಯಾರು?’ ಅಂತ ಕೇಳಿದರು. ಜೋರು ಮಾಡಲಿಲ್ಲ. ಬೈಯಲಿಲ್ಲ. ಸುಮ್ನೆ ಉತ್ತರಕ್ಕೆ ಕಾದರು. ಕಂಪ್ಯೂಟರ್ ಬರೆಯಿತು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ, ಯಾಕೆಂದರೆ ಆ ಕಾಗದದ ಕೆಳಗೆ ಇದ್ದದ್ದು ನನ್ನ ಹೆಸರು.

ರೆಕಾರ್ಡಿಂಗ್ ಕೇಳಿಸಿ ಸರಿಮಾಡೋಣ ಅಂತ ಹುಡುಕಿದರೆ ಅದು ಇಲ್ಲ. ಜಾಗ ಉಳಿಸಲು 7 ದಿನಕ್ಕೆ ಆಡಿಯೋ ಅಳಿಸಿಹಾಕುತ್ತೀರಂತೆ. ಬರೆದದ್ದು ಉಳಿಯಿತು, ಆಡಿದ್ದು ಹೋಯಿತು. ನನ್ನ ನೋಟ್‌ಬುಕ್ಕಿನ ಪುಟದ ಫೋಟೋ ತೆಗೆದು ಮೇಲಿನವರಿಗೆ ಕಳಿಸಿದೆ. ‘ಅಧಿಕೃತ ದಾಖಲೆ ಸಿಸ್ಟಮ್‌ನಲ್ಲಿ ಇರುವುದು’ ಅಂತ ಉತ್ತರ ಬಂತು. 11 ವರ್ಷ ಇದೇ ನೋಟ್‌ಬುಕ್ ನಂಬಿ ಸಂಸ್ಥೆ ಬಟವಾಡೆ ಮಾಡಿದೆ, ತಕರಾರು ತೀರಿಸಿದೆ. ಈಗ ಅದಕ್ಕೆ ಬೆಲೆ ಇಲ್ಲ ಅಂದರೆ ನನಗೆ ನೋವಾಗುವುದಿಲ್ಲವೇ?

ತರಬೇತಿಯ ದಿನ ನೀವು ಒಂದು ಲೆಕ್ಕ ತೋರಿಸಿದಿರಿ. ನೂರು ಪದದಲ್ಲಿ ಎಷ್ಟು ಪದ ತಪ್ಪಾಗುತ್ತದೆ ಅನ್ನುವುದು. ಅದು ಕಮ್ಮಿ ಇದೆ ಅಂತ ಎಲ್ಲರೂ ಚಪ್ಪಾಳೆ ಹೊಡೆದೆವು. ನಾನೂ ಹೊಡೆದೆ. ಮನೆಗೆ ಬಂದು ಯೋಚಿಸಿದಾಗ ಅದರ ತೊಂದರೆ ಕಾಣಿಸಿತು. ಆ ಲೆಕ್ಕದಲ್ಲಿ ಎಲ್ಲ ಪದಕ್ಕೂ ಒಂದೇ ತೂಕ. ‘ಕಣಣ್ಣ’ ಬಿಟ್ಟುಹೋದರೂ ಒಂದು ತಪ್ಪು, ‘ಆಗಲ್ಲ’ ಹೋಗಿ ‘ಆಗಲಿ’ ಆದರೂ ಒಂದು ತಪ್ಪು. ಕನ್ನಡದಲ್ಲಿ ಬೇಕು ಬೇಡ ಅನ್ನುವುದು ಎಲ್ಲಿರುತ್ತದೆ? ವಾಕ್ಯದ ಕೊನೆಯಲ್ಲಿ, ಕ್ರಿಯಾಪದದ ಬಾಲದಲ್ಲಿ. ಕೊಡಲ್ಲ, ಕೊಡಲಾ, ಕೊಡಲಿ. ಮೂರಕ್ಕೂ ಇರುವ ವ್ಯತ್ಯಾಸ ಒಂದು ಒತ್ತು, ಒಂದು ದೀರ್ಘ, ಒಂದು ಗುಣಿಸು. ಒಂದರಲ್ಲಿ ಕೊಡುವುದಿಲ್ಲ, ಒಂದರಲ್ಲಿ ಕೊಡಬೇಕಾ ಅಂತ ಪ್ರಶ್ನೆ, ಇನ್ನೊಂದರಲ್ಲಿ ಅವರು ಕೊಡಲಿ ಅನ್ನುವುದು. ಮಾತಿನ ಕೊನೆಗೆ ದನಿ ಇಳಿಯುವುದೂ ಅಲ್ಲೇ, ಫ್ಯಾನಿನ ಸದ್ದು ನುಂಗುವುದೂ ಅಲ್ಲೇ. ಹಾಗಾಗಿ ನಿಮ್ಮ ಲೆಕ್ಕದಲ್ಲಿ ಚಿಕ್ಕದಾಗಿ ಕಾಣುವ ತಪ್ಪು ನಮ್ಮ ಸಭೆಯಲ್ಲಿ ತೀರ್ಮಾನವನ್ನೇ ತಿರುಗಿಸಿ ಹಾಕುತ್ತದೆ. ಒಂದು ಕೆಲಸ ಮಾಡಿ. ಇಲ್ಲ, ಬೇಡ, ಆಗಲ್ಲ, ಆಗಾಕಿಲ್ಲ, ಒಲ್ಲೆ ಇಂಥ ಮಾತುಗಳನ್ನಷ್ಟೇ ಬೇರೆ ತೆಗೆದು, ಅವುಗಳಲ್ಲಿ ಎಷ್ಟು ಸರಿ ಬರುತ್ತಿದೆ ಅಂತ ಪ್ರತ್ಯೇಕ ಲೆಕ್ಕ ಇಡಿ. ಆ ಲೆಕ್ಕ ನಮಗೂ ತೋರಿಸಿ.

ಅಂಕಿಗಳದ್ದೂ ಇದೇ ಕಥೆ. ಹಳ್ಳಿಯಲ್ಲಿ ಯಾರೂ ಎಂಟು ಪಾಯಿಂಟ್ ಎರಡು ಐದು ಅನ್ನುವುದಿಲ್ಲ. ಎಂಟೂಕಾಲು ಅನ್ನುತ್ತಾರೆ. ಒಂದೂವರೆ, ಎರಡೂಮುಕ್ಕಾಲು, ಅರೆಪಾವು ಅನ್ನುತ್ತಾರೆ. ಎಸ್‌ಎನ್‌ಎಫ್ ಎಂಟೂಕಾಲು ಬಂದಿದೆ ಅಂದದ್ದನ್ನು ಟೂಲ್ ‘8 ಕಾಲು’ ಅಂತ ಬರೆಯಿತು, ಇಂಗ್ಲಿಷ್ ಸಾರಾಂಶದಲ್ಲಿ ಅದು ಬರೀ 8 ಆಗಿ ಹೋಯಿತು. ಎಸ್‌ಎನ್‌ಎಫ್ ಅಂದರೆ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ. ಲೀಟರಿಗೆ ಎಷ್ಟು ದುಡ್ಡು ಅನ್ನುವುದು ಅದರ ಮೇಲೆ, ಫ್ಯಾಟ್ ಮೇಲೆ ನಿಂತಿದೆ. ಕಾಲು ಹೋದರೆ ಬಟವಾಡೆಯಲ್ಲಿ ಕಾಸು ಹೋಯಿತು ಅಂತಲೇ.

ಊರ ಹೆಸರುಗಳು ಹೇಳಿ ಮುಗಿಯುವುದಿಲ್ಲ. ‘ದುದ್ದದ ಹಾಲು’ ಅಂದದ್ದು ‘ದುಡ್ಡಿನ ಹಾಲು’ ಆಗಿದೆ. ಬಸರಾಳು ‘ಬಸ್ಸುಗಳು’ ಆಗಿದೆ. ಕೀಲಾರ ‘ಕೇಳೋರು’ ಆಗಿದೆ. ಇವು ಮಂಡ್ಯ ತಾಲ್ಲೂಕಿನಲ್ಲಿ ಎಲ್ಲರಿಗೂ ಗೊತ್ತಿರುವ ಊರುಗಳು. ಊರಿನ ಹೆಸರುಗಳ ಪಟ್ಟಿ, ನಮ್ಮ ಕೆಲಸದ ಪದಗಳ ಪಟ್ಟಿ ಮೊದಲೇ ಕೊಟ್ಟರೆ ಟೂಲ್ ಅವನ್ನು ಜಾಸ್ತಿ ಗಮನಿಸುವ ಹಾಗೆ ಮಾಡಬಹುದು ಅಂತ ನಿಮ್ಮ ತಂಡದ ಹುಡುಗನೊಬ್ಬ ನನಗೆ ಹೇಳಿದ್ದ. ಮತ್ತೆ ಯಾಕೆ ಮಾಡಿಲ್ಲ? ಏಳೂ ತಾಲ್ಲೂಕಿನ ಹಾಲಿನ ಕೇಂದ್ರಗಳ ಪಟ್ಟಿ ನಮ್ಮ ಬಳಿಯೇ ಇದೆ. ಕೇಳಿದರೆ ಒಂದು ಸಂಜೆಯಲ್ಲಿ ಕಳಿಸುತ್ತೇನೆ. ಬಟವಾಡೆ, ರಾಸು, ಕಡಸು, ಗಬ್ಬ, ಬತ್ತಿಸುವುದು, ಕೆಚ್ಚಲು ಬಾವು, ಹಿಂಡಿ, ಬೂಸಾ, ಇವನ್ನೂ ಬರೆದು ಕೊಡುತ್ತೇನೆ.

ಇನ್ನೊಂದು ವಿಷಯ ಬಹಳ ಮುಖ್ಯ. ನಮ್ಮ ಕಡೆ ಮಾತಿನಲ್ಲಿ ಹಕಾರ ಬೀಳುತ್ತದೆ. ಹಾಲು ಆಲಾಗುತ್ತದೆ, ಹಣ ಅಣ ಆಗುತ್ತದೆ, ಹೋಗು ಓಗು ಆಗುತ್ತದೆ. ಇದು ತಪ್ಪು ಕನ್ನಡ ಅಲ್ಲ, ನಮ್ಮ ಅಪ್ಪ ಅಮ್ಮ ಆಡಿದ ಕನ್ನಡ. ನಾನೂ ಮನೆಯಲ್ಲಿ ಹಾಗೇ ಮಾತನಾಡುತ್ತೇನೆ. ನಿಮ್ಮ ಟೂಲ್ ಒಂದು ಸಭೆಯಲ್ಲಿ ‘ಆಲು’ ಅಂದ ಕಡೆಯೆಲ್ಲ ಆಲೂಗಡ್ಡೆ ಅಂತ ಬರೆದಿತ್ತು. ಹಾಲಿನ ಸಂಸ್ಥೆಯ ಟೂಲ್ ಅದು! 2024ರ ಡಿಸೆಂಬರ್‌ನಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಮಂಡ್ಯದಲ್ಲೇ ನಡೆಯಿತು. ನಾನೂ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ, ಕಾಲಿಡಲು ಜಾಗ ಇರಲಿಲ್ಲ. ಅಂಥ ಊರಿನ ಕನ್ನಡವೇ ಟೂಲ್‌ಗೆ ಅರ್ಥ ಆಗುವುದಿಲ್ಲ ಅಂದರೆ ಮನಸ್ಸಿಗೆ ಹೇಗಾಗುತ್ತದೆ ಹೇಳಿ.

ಯಾರ ಮಾತು ದಾಖಲೆ ಆಗುತ್ತಿದೆ ಅನ್ನುವುದನ್ನೂ ಒಮ್ಮೆ ನೋಡಿ. ನಾನು ಆ 40 ಪುಟವನ್ನು ಆಮೇಲೆ ಕೂತು ಪೂರ್ತಿ ಓದಿದೆ. ಮುಂದೆ ಮೇಜಿನ ಹತ್ತಿರ ಕೂತ ನಮ್ಮ ಅಧಿಕಾರಿಗಳ ಮಾತು ಸಾಲು ಸಾಲಾಗಿ ಸರಿಯಾಗಿ ಬಂದಿದೆ. ಹಿಂದೆ ಕೂತ ಹೆಂಗಸರ ಮಾತು ಬಹಳಷ್ಟು ಕಡೆ ‘ಅಸ್ಪಷ್ಟ’ ಅಂತ ಇದೆ, ಇಲ್ಲವೇ ‘ಸ್ಪೀಕರ್ 3’ ಅನ್ನುವ ಒಬ್ಬರ ಲೆಕ್ಕಕ್ಕೆ ಎಲ್ಲರನ್ನೂ ಸೇರಿಸಿದೆ. ಎರಡು ಗಂಟೆಯಲ್ಲಿ ಹೆಂಗಸರದು ಅಂತ ಗುರುತಿಸಿ ಓದಬಹುದಾದ ಸಾಲು ನಾಲ್ಕು. ಆ ಸಭೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರೇ ಇದ್ದರು. ಹಸು ಕರೆಯುವವರು, ಸಗಣಿ ಬಾಚುವವರು, ಕ್ಯಾನ್ ಹೊತ್ತು ತರುವವರು ಅವರೇ. ಫೋನ್ ಒಂದೇ ಇದ್ದರೆ ಹೀಗೇ ಆಗುವುದು. ಕೈಯಿಂದ ಕೈಗೆ ಕೊಡುವಂಥ ಒಂದು ಸಣ್ಣ ಮೈಕ್ ಕೊಡಿಸಿ. ನೂರಾರು ಹಳ್ಳಿಗೆ ಬೇಡ, ಕ್ಷೇತ್ರ ಸಿಬ್ಬಂದಿಗೆ ಒಂದೊಂದು ಕೊಟ್ಟರೆ ಸಾಕು, ನಾವೇ ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗುತ್ತೇವೆ.

ಯಾರೂ ಮಾತನಾಡದೆ ಇದ್ದಾಗ ಆಗುವುದು ನನಗೆ ಇನ್ನೂ ಹೆದರಿಕೆ ಹುಟ್ಟಿಸುತ್ತದೆ. ಕಾಫಿಗೆ ಬಿಟ್ಟ ಹತ್ತು ನಿಮಿಷದಲ್ಲಿ ಟೂಲ್ ‘ವೀಕ್ಷಿಸಿದ್ದಕ್ಕೆ ಧನ್ಯವಾದಗಳು’ ಅಂತ ಮೂರು ಸಲ ಬರೆದಿದೆ. ಯಾರೂ ಹಾಗೆ ಹೇಳಿಲ್ಲ. ಇಂಥ ಎಐ ಮಾದರಿಗಳು, ಅಂದರೆ ಟೂಲಿನ ಒಳಗೆ ಕೂತು ಮಾತನ್ನು ಬರಹ ಮಾಡುವ ಪ್ರೋಗ್ರಾಂಗಳು, ಇಂಟರ್‌ನೆಟ್ಟಿನ ವಿಡಿಯೋಗಳ ಕೆಳಗಿನ ಬರಹ ಓದಿ ಕಲಿತಿರುತ್ತವೆ, ಸದ್ದಿಲ್ಲದ ಜಾಗದಲ್ಲಿ ವಿಡಿಯೋ ಕೊನೆಯ ಮಾತನ್ನು ತಾವೇ ಸೇರಿಸುತ್ತವೆ ಅಂತ ಆಮೇಲೆ ತಿಳಿಯಿತು. ಧನ್ಯವಾದ ಸೇರಿಸಿದರೆ ತೊಂದರೆ ಇಲ್ಲ. ಅದೇ ಜಾಗದಲ್ಲಿ ಒಂದು ಒಪ್ಪಿಗೆ ಸೇರಿಸಿದರೆ? ಒಂದು ಮೊತ್ತ ಸೇರಿಸಿದರೆ? ಮಾತಿಲ್ಲದ ಕಡೆ ಖಾಲಿ ಬಿಡುವುದನ್ನು ಅದಕ್ಕೆ ಕಲಿಸಿ. ಸದ್ದನ್ನೂ ಮಾತನ್ನೂ ಮೊದಲೇ ಬೇರೆ ಮಾಡಿ, ಮಾತಿರುವ ತುಂಡನ್ನು ಮಾತ್ರ ಮುಂದಕ್ಕೆ ಕಳಿಸುವ ವಿಧಾನ ಇದೆ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಒಪ್ಪಿಗೆಯ ಮಾತು ಬಂತಲ್ಲ, ರೆಕಾರ್ಡ್ ಮಾಡುವುದಕ್ಕೇ ಒಪ್ಪಿಗೆ ಬೇಕು. ಈಗ ಬಟನ್ ಒತ್ತಿದ ಕೂಡಲೇ ಫೋನಿನಿಂದ ಇಂಗ್ಲಿಷಿನಲ್ಲಿ ಒಂದು ಪ್ರಕಟಣೆ ಬರುತ್ತದೆ. ಸಮುದಾಯ ಭವನದಲ್ಲಿ ಅದು ಯಾರಿಗೂ ಅರ್ಥ ಆಗುವುದಿಲ್ಲ. 2023ರಲ್ಲಿ ದೇಶದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ, ಇಲ್ಲವೇ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ತಮಗೆ ಬೇಕಾದ್ದರಲ್ಲಿ ನೋಡುವ ಅವಕಾಶ ಜನರಿಗೆ ಇರಬೇಕು ಅಂತ ಅದರಲ್ಲಿದೆ. ಕನ್ನಡ ಆ ಪಟ್ಟಿಯಲ್ಲಿದೆ. ಕಾಯ್ದೆ ಇರಲಿ ಬಿಡಿ, ಒಬ್ಬರ ದನಿ ಹಿಡಿದಿಟ್ಟುಕೊಳ್ಳುವಾಗ ಅವರ ಭಾಷೆಯಲ್ಲಿ ಕೇಳುವುದು ಸಾಮಾನ್ಯ ಮರ್ಯಾದೆ. ‘ನಿಮ್ಮ ಮಾತನ್ನು ಫೋನ್ ಬರೆದುಕೊಳ್ಳುತ್ತೆ, ಇಷ್ಟು ದಿನ ಇಟ್ಟಿರುತ್ತೇವೆ, ಬೇಡ ಅಂದರೆ ನಿಲ್ಲಿಸುತ್ತೇವೆ’ ಅಂತ ಕನ್ನಡದಲ್ಲಿ ಮೂರು ವಾಕ್ಯ ಹಾಕಿ.

ಟೂಲ್‌ಗೆ ಕಲಿಸಲು ಬೇಕಾದಷ್ಟು ಕನ್ನಡ ಮಾತಿನ ರೆಕಾರ್ಡಿಂಗ್ ಸಂಗ್ರಹ ಸಿಗುವುದಿಲ್ಲ, ಅದಕ್ಕೇ ಹೀಗೆ ಅಂತ ನಿಮ್ಮ ತಂಡದವರು ಒಮ್ಮೆ ಅಂದಿದ್ದರು. ಇಂಗ್ಲಿಷಿಗೆ ಇರುವಷ್ಟು ಇಲ್ಲ, ಒಪ್ಪುತ್ತೇನೆ. ಆದರೆ ಏನೂ ಇಲ್ಲ ಅನ್ನುವುದನ್ನು ಒಪ್ಪುವುದಿಲ್ಲ. ನೀವು ಕೂತಿರುವುದೇ ಮೈಸೂರಿನಲ್ಲಿ. 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನ ಅಲ್ಲೇ ಮಾನಸಗಂಗೋತ್ರಿಯ ಪಕ್ಕದಲ್ಲಿದೆ, ಭಾರತೀಯ ಭಾಷೆಗಳ ಮಾತು ಮತ್ತು ಬರಹದ ಸಂಗ್ರಹ ಮಾಡುವ ವಿಭಾಗವೇ ಅಲ್ಲಿದೆ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಅದೇ ಕಡೆ, ಕನ್ನಡದ ಉಚ್ಚಾರಣೆ ಬಲ್ಲವರು ಅಲ್ಲಿ ಸಿಗುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೆಸ್ಪಿನ್ ಅನ್ನುವ ಯೋಜನೆಯಲ್ಲಿ ಒಂಬತ್ತು ಭಾಷೆಗಳಲ್ಲಿ ದನಿ ಸಂಗ್ರಹಿಸಿದೆ, ಕನ್ನಡ ಅದರಲ್ಲೊಂದು, ವಿಷಯ ಕೃಷಿ ಮತ್ತು ಹಣಕಾಸು. ನಮಗೆ ಬೇಕಾದ್ದು ಅದೇ ಅಲ್ವಾ? ಮದ್ರಾಸ್ ಐಐಟಿಯ ಎಐ4ಭಾರತ್ ಕೂಡ ಭಾರತೀಯ ಭಾಷೆಗಳ ಮಾದರಿಗಳನ್ನು ಎಲ್ಲರಿಗೂ ಸಿಗುವ ಹಾಗೆ ಇಟ್ಟಿದೆ. 2022ರಿಂದ ಕೇಂದ್ರ ಸರ್ಕಾರದ ಭಾಷಿಣಿ ಇದೆ, ಭಾರತೀಯ ಭಾಷೆಗಳ ಮಾತು ಮತ್ತು ಅನುವಾದಕ್ಕೆ ಅಂತಲೇ ಇರುವ ಯೋಜನೆ. ಇವುಗಳಲ್ಲಿ ಯಾವುದು ನಮಗೆ ಒಗ್ಗುತ್ತದೆ ಅಂತ ನಾನು ಹೇಳಲಾರೆ, ಅದು ನಿಮ್ಮ ವಿದ್ಯೆ. ನಮ್ಮ ಸಭೆಯ ಮಾತಿನ ಮೇಲೆ ಇವನ್ನೂ ಹಾಕಿ ನೋಡಿ, ಹೋಲಿಸಿ ನೋಡಿ ಅಂತ ಕೇಳುತ್ತಿದ್ದೇನೆ ಅಷ್ಟೇ.

ಮಾದರಿ ಬದಲಾಗಲು ಸಮಯ ಬೇಕು, ಅದು ನನಗೂ ಗೊತ್ತು. ಅಲ್ಲಿಯವರೆಗೆ ಕಾಯದೆ ಮಾಡಬಹುದಾದ ಕೆಲವು ಇವೆ, ಅವುಗಳಿಗೆ ದೊಡ್ಡ ವಿದ್ಯೆಯೂ ಬೇಡ. 24 ಗಂಟೆಯ ತಾನಾಗಿ ಒಪ್ಪಿಗೆಯನ್ನು ಇವತ್ತೇ ತೆಗೆದುಹಾಕಿ. ಸಭೆಯಲ್ಲಿದ್ದ ಒಬ್ಬರು ಓದಿ ಸಹಿ ಹಾಕುವವರೆಗೆ ಮೇಲ್ಗಡೆ ‘ಕರಡು’ ಅಂತಲೇ ಇರಲಿ. ಟೂಲ್‌ಗೆ ಖಚಿತ ಇಲ್ಲದ ಪದಗಳನ್ನು ಬಣ್ಣದಲ್ಲಿ ತೋರಿಸಿ, ಆ ಪದ ಒತ್ತಿದರೆ ಅಷ್ಟೇ ತುಂಡು ಆಡಿಯೋ ಕೇಳಿಸುವ ಹಾಗಿರಲಿ. ಹಾಗಾದರೆ ನಾನು 40 ಪುಟ ಓದಬೇಕಿಲ್ಲ, ಬಣ್ಣ ಇರುವ ಕಡೆ ನೋಡಿದರೆ ಸಾಕು, ಬಸ್ಸಿನಲ್ಲಿ ಕೂತೇ ಮುಗಿಸುತ್ತೇನೆ. ಆಡಿಯೋವನ್ನು ಮುಂದಿನ ಸಭೆಯಲ್ಲಿ ನಡಾವಳಿ ಓದಿ ಎಲ್ಲರೂ ಒಪ್ಪುವವರೆಗೆ ಅಳಿಸಬೇಡಿ, ಆಮೇಲೆ ಖಂಡಿತ ಅಳಿಸಿ. ತೀರ್ಮಾನ ಅಂತ ಬರೆದ ಪ್ರತಿ ಸಾಲಿನ ಕೆಳಗೆ ಅದು ಯಾವ ಮಾತಿನಿಂದ ಬಂತು ಅನ್ನುವುದನ್ನು ಆಡಿದ ಹಾಗೇ ಹಾಕಿ. ‘ಸಾಧ್ಯ ಎಂದಿದ್ದಾರೆ’ ಅನ್ನುವುದರ ಕೆಳಗೆ ‘ಆಗ ಹಾಕಿಲ್ಲ ಸಾಕು’ ಅಂತ ಇದ್ದಿದ್ದರೆ ಬೆಂಗಳೂರಿನವರೂ ಒಂದು ಕ್ಷಣ ನಿಲ್ಲುತ್ತಿದ್ದರು. ನಾವು ತಿದ್ದಿದ್ದನ್ನು ಬಿಸಾಡಬೇಡಿ, ಅದನ್ನೇ ಟೂಲ್‌ಗೆ ಪಾಠ ಮಾಡಿ. ನಾನು ಈ ವರ್ಷ ‘ಆಲೂಗಡ್ಡೆ’ಯನ್ನು ‘ಹಾಲು’ ಅಂತ ಎಷ್ಟು ಸಲ ತಿದ್ದಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ, ಮುಂದಿನ ಸಭೆಯಲ್ಲಿ ಅದು ಮತ್ತೆ ಅದನ್ನೇ ಬರೆಯುತ್ತದೆ.

ಇನ್ನೊಂದು ಮನವಿ. ನಿಮ್ಮ ತಂಡದ ಇಬ್ಬರು ಒಂದು ದಿನ ಇಲ್ಲಿಗೆ ಬನ್ನಿ. ಮೈಸೂರಿನಿಂದ ಮಂಡ್ಯ ರೈಲಿನಲ್ಲಿ ಸುಮಾರು ಒಂದು ಗಂಟೆ. ನಾನು ಸ್ಟೇಷನ್ನಿಗೆ ಬೈಕ್ ತರುತ್ತೇನೆ. ಆ ಸಮುದಾಯ ಭವನದಲ್ಲಿ ಹಿಂದಿನ ಸಾಲಿನಲ್ಲಿ, ಹೆಂಗಸರ ಪಕ್ಕ ಕೂತು ಒಂದು ಸಭೆ ಪೂರ್ತಿ ಕೇಳಿ. ನಿಮ್ಮ ಕಿವಿಗೆ ಏನು ಕೇಳಿಸಿತು, ಟೂಲ್ ಏನು ಬರೆಯಿತು, ಎರಡನ್ನೂ ಅಲ್ಲೇ ಕೂತು ಜೋಡಿಸಿ ನೋಡೋಣ. ಅರ್ಥ ಆಗದ ಪದ ಕೇಳಿದರೆ ಅವರೇ ಹೇಳಿಕೊಡುತ್ತಾರೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಅದಕ್ಕೂ ಮೊದಲು ಆಗಬೇಕಾದ್ದು ಒಂದಿದೆ. ಆ ಹಳ್ಳಿಯ ನಡಾವಳಿಯನ್ನು ತಿದ್ದಿ. ‘ಸಂಜೆ 5 ಗಂಟೆ ಆಗುವುದಿಲ್ಲ ಎಂದು ಹಾಲು ಹಾಕುವ ಮಹಿಳೆಯರು ಹೇಳಿದ್ದಾರೆ’ ಅಂತ ಅದರಲ್ಲಿ ಬರಲಿ. ಗಾಡಿಯ ಸಮಯ ಬದಲಿಸುವುದು ನಿಮ್ಮ ಕೈಯಲ್ಲಿ ಇಲ್ಲ, ಆದರೆ ಈ ಸಾಲು ತಿದ್ದುವುದು ನಿಮ್ಮ ಕೈಯಲ್ಲಿದೆ, ಅದು ತಿದ್ದಿದರೆ ಮಾತ್ರ ನಾನು ಗಾಡಿಯವರ ಹತ್ತಿರ ಮಾತನಾಡಬಹುದು. ಆ ಹೆಣ್ಣುಮಗಳ ಮಗ ಹೈಸ್ಕೂಲು ಹುಡುಗ. ಈಗ ದಿನಾ ಸಂಜೆ ಆರೂವರೆಗೆ ಸೈಕಲ್ಲಿನ ಹಿಂದೆ ಕ್ಯಾನ್ ಕಟ್ಟಿಕೊಂಡು ಮೂರು ಕಿಲೋಮೀಟರ್ ಆಚೆಯ ಕೇಂದ್ರಕ್ಕೆ ಹಾಲು ಹಾಕಿ ಬರುತ್ತಿದ್ದಾನೆ. ಮುಂದಿನ ಸಭೆ ಇದೇ ತಿಂಗಳ ಕೊನೆಯ ಶನಿವಾರ, ಬೆಳಗ್ಗೆ ಹತ್ತೂವರೆಗೆ. ಅವರ ಮುಂದೆ ತಿದ್ದಿದ ಕಾಗದ ಇಟ್ಟು ಓದಿ ಹೇಳಬೇಕು ಅಂತ ನನ್ನ ಆಸೆ. ಅಷ್ಟರೊಳಗೆ ಕಳಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ಮಂಡ್ಯ ಕ್ಷೇತ್ರ ಕಚೇರಿಯ ಸಿಬ್ಬಂದಿ